ಸುಣ್ಣದ ನೀರಿನ ಪಾಠ

“ದೇಶ ಸುತ್ತು, ಕೋಶ ಓದು” ಎಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದಿರುವ ಮಾತು. ಈ ಎರಡರಲ್ಲಿ ಯಾವುದಾದರೂ ಒಂದನ್ನು ಮಾಡಿದರೆ ಸಾಕು, ಮನುಷ್ಯ ತಿಳಿದವನಾಗುತ್ತಾನೆ ಎಂದು ನಾನು ಬಹುಕಾಲ ನಂಬಿದ್ದೆ. ಮೂವತ್ತೈದು ವರ್ಷ ಶಾಲೆಯಲ್ಲಿ ಕೋಶವನ್ನು ಓದುತ್ತ, ಓದಿಸುತ್ತ ಕಳೆದ ನನಗೆ ದೇಶ ಸುತ್ತುವ ಅವಕಾಶ ಬಂದುದು ನಿವೃತ್ತಿಯ ಅನಂತರ. ಈ ಎರಡು ಮಾತುಗಳು ಒಂದೇ ಬಂಡಿಯ ಎರಡು ಗಾಲಿಗಳೆಂಬುದು ಆಗಲೇ ನನಗೆ ಮನದಟ್ಟಾಯಿತು. ಅದನ್ನು ಮನದಟ್ಟು ಮಾಡಿಕೊಟ್ಟದ್ದು ದೂರದ ಒಂದು ದ್ವೀಪದ ಹಿತ್ತಲಿನಲ್ಲಿ, ಮೂರು ಕಲ್ಲಿನ ಒಲೆಯ ಬಳಿ ಇದ್ದ ಒಂದು ಪಾತ್ರೆ ಸುಣ್ಣದ ನೀರು.

2023ರ ಡಿಸೆಂಬರ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಆ ನಗರದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ ಗ್ಯಾಲ್ವೆಸ್ಟನ್ ಎಂಬ ಬಂದರು ಇದೆ. ಅಲ್ಲಿಂದ ಮೆಕ್ಸಿಕೋ ಕೊಲ್ಲಿಯನ್ನು ದಾಟಿ, ಮೆಕ್ಸಿಕೋ ದೇಶದ ಕೊಸುಮೆಲ್ ದ್ವೀಪಕ್ಕೆ ಹೋಗಿಬರುವ ವಿಹಾರನೌಕೆಯೊಂದರಲ್ಲಿ ಮಗ ನಮಗಾಗಿ ಸ್ಥಳವನ್ನು ಕಾದಿರಿಸಿದ್ದ.

ವಿಹಾರನೌಕೆಯೆಂದರೆ ನೀರಿನ ಮೇಲೆ ತೇಲುವ ಒಂದು ಪಟ್ಟಣ. ಹತ್ತಕ್ಕೂ ಮಿಕ್ಕಿದ ಅಂತಸ್ತುಗಳು, ಮೂರು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು, ಅವರ ಯೋಗಕ್ಷೇಮವನ್ನು ನೋಡಿಕೊಳ್ಳಲು ಸಾವಿರಕ್ಕೂ ಮೀರಿದ ಸಿಬ್ಬಂದಿ. ಈಜುಕೊಳ, ನಾಟಕಶಾಲೆ, ಅಂಗಡಿಬೀದಿ, ಎಲ್ಲವೂ ಅದರೊಳಗೇ ಇವೆ. ಊಟದ ಮನೆಯಲ್ಲಂತೂ ಇಟಲಿಯ ಅಡುಗೆ, ಚೀನದ ಅಡುಗೆ, ನಮ್ಮ ದೇಶದ ಅಡುಗೆ, ಹೀಗೆ ನಾನಾ ದೇಶಗಳ ಭಕ್ಷ್ಯಗಳು ಬೆಳಗಿನಿಂದ ನಡುರಾತ್ರಿಯವರೆಗೆ ಸಾಲುಸಾಲಾಗಿ ಅಣಿಯಾಗಿರುತ್ತವೆ. ಅಲ್ಲಿ ತಟ್ಟೆ ಹಿಡಿದು ನಿಂತವನಿಗೆ ತಾನು ಯಾವ ಕಡಲಿನಲ್ಲಿದ್ದೇನೆ, ಯಾವ ದಡಕ್ಕೆ ಹೋಗುತ್ತಿದ್ದೇನೆ ಎಂಬುದೇ ಮರೆತುಹೋಗುವಂತಿರುತ್ತದೆ.

ಹಡಗು ದ್ವೀಪವನ್ನು ಮುಟ್ಟುವುದು ಮೂರನೆಯ ದಿನ ಬೆಳಿಗ್ಗೆ. ಅಲ್ಲಿ ತಂಗುವುದು ಏಳೆಂಟು ಗಂಟೆಗಳಷ್ಟೆ. ಆ ಅವಧಿಯಲ್ಲಿ ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾಗಿತ್ತು. ಕೆಲವರು ಹವಳದ ದಿಬ್ಬಗಳನ್ನು ಕಾಣಲು ಕಡಲಿಗಿಳಿಯುತ್ತಾರೆ. ಕೆಲವರು ಹಳೆಯ ಗುಡಿಗಳ ಅವಶೇಷಗಳನ್ನು ನೋಡುತ್ತಾರೆ. ಉಳಿದವರು ಅಂಗಡಿಗಳಲ್ಲಿ ಅಲೆದು ಮರಳುತ್ತಾರೆ. ನಾನು ಅವಶೇಷಗಳ ಕಡೆಗೆ ಹೋಗೋಣವೆಂದಿದ್ದೆ. ನನ್ನ ಪತ್ನಿ ಮಾತ್ರ ಆ ಪಟ್ಟಿಯ ಕೊನೆಯಲ್ಲಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಸ್ಥಳೀಯ ಗೃಹಿಣಿಯೊಬ್ಬರು ತಮ್ಮ ಮನೆಯಲ್ಲಿ ಮೂರು ಗಂಟೆಗಳ ಕಾಲ ಅಡುಗೆ ಕಲಿಸುತ್ತಾರೆ ಎಂದು ಅಲ್ಲಿ ಬರೆದಿತ್ತು.

“ಅಡುಗೆ ಕಲಿಯಲು ಏಳು ಕಡಲು ದಾಟಿ ಬರಬೇಕಾಗಿತ್ತೆ?” ಎಂದು ನಾನು ನಕ್ಕೆ.

“ಊರೂರ ಗುಡಿ ನೋಡೀವಿ. ಊರಿನವರ ಒಲಿ ನೋಡೂದು ಬ್ಯಾಡೇನ್ರೀ?” ಎಂದಳು ಅವಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊಸುಮೆಲ್ ಮೆಕ್ಸಿಕೋದ ಯುಕತಾನ್ ಪರ್ಯಾಯದ್ವೀಪದ ಪೂರ್ವ ತೀರದಾಚೆ, ಕೆರಿಬಿಯನ್ ಸಮುದ್ರದಲ್ಲಿದೆ. ಸುಮಾರು 48 ಕಿಲೋಮೀಟರ್ ಉದ್ದ, 16 ಕಿಲೋಮೀಟರ್ ಅಗಲದ ಚಪ್ಪಟೆ ನೆಲ. ಅದು ಮಾಯಾ ಜನರ ಪುರಾತನ ಯಾತ್ರಾಸ್ಥಳ. ಹೆರಿಗೆಯನ್ನೂ ತಾಯ್ತನವನ್ನೂ ಕಾಯುವವಳೆಂದು ಅವರು ನಂಬಿದ್ದ ಇಷ್‌ಚೆಲ್ ಎಂಬ ದೇವಿಯ ದರ್ಶನಕ್ಕಾಗಿ ಹೆಂಗಸರು ದೋಣಿಗಳಲ್ಲಿ ಕಡಲನ್ನು ದಾಟಿ ಇಲ್ಲಿಗೆ ಬರುತ್ತಿದ್ದರು. 1518ರಲ್ಲಿ ಸ್ಪೇನಿನ ಹಡಗುಗಳು ಮೊದಲಬಾರಿ ಈ ದಡವನ್ನು ಮುಟ್ಟಿದವು. ಮಾಯಾ ಜನರ ಗುಡಿಗಳು ಈಗ ಕಲ್ಲಿನ ರಾಶಿಗಳಾಗಿವೆ. ಆದರೆ ಅವರ ಭಾಷೆಯನ್ನು ಯುಕತಾನಿನಲ್ಲಿ ಲಕ್ಷಾಂತರ ಜನ ಇಂದಿಗೂ ಆಡುತ್ತಾರೆ. ಅವರ ಒಲೆಯೂ ಆರಿಲ್ಲ. ನಾವು ಅಂದು ಕಂಡದ್ದು ಆ ಒಲೆಯನ್ನು.

ಸಾನ್ ಮಿಗೆಲ್ ಪಟ್ಟಣದ ಒಂದು ಗಲ್ಲಿಯಲ್ಲಿ ಆ ಮನೆಯಿತ್ತು. ಹಿತ್ತಲಿನಲ್ಲಿ ತಾಳೆಗರಿಯ ಚಪ್ಪರ. ಅದರಡಿಯಲ್ಲಿ ಮೂರು ಕಲ್ಲುಗಳನ್ನು ಹೂಡಿದ ಒಲೆ. ಅದರ ಮೇಲೆ ಅಗಲವಾದ ಹೆಂಚು. ಅಡುಗೆ ಕಲಿಸುವವರು ನನ್ನಷ್ಟೇ ವಯಸ್ಸಿನ ಹೆಂಗಸು. ಅಂಚಿನಲ್ಲಿ ಬಣ್ಣದ ಹೂಗಳ ಕಸೂತಿಯಿದ್ದ ಬಿಳಿಯ ನಿಲುವಂಗಿಯನ್ನು ತೊಟ್ಟಿದ್ದರು. ಎಲ್ಲರೂ ಅವರನ್ನು ‘ದೊನ್ಯಾ’ ಎಂದು ಕರೆಯುತ್ತಿದ್ದರು; ನಾವು ಹಿರಿಯ ಹೆಂಗಸರನ್ನು ‘ಅಮ್ಮನವರೇ’ ಎನ್ನುವ ಹಾಗೆ. ಅವರು ಆಡುತ್ತಿದ್ದುದು ಸ್ಪ್ಯಾನಿಷ್. ನಡುನಡುವೆ ಮಾಯಾ ಭಾಷೆ. ಅವರ ಮೊಮ್ಮಗ ಅದನ್ನು ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದ. ನಾವು ಎಂಟು ಮಂದಿ ವಿದ್ಯಾರ್ಥಿಗಳು ಸುತ್ತ ನಿಂತಿದ್ದೆವು. ಅರವತ್ತು ವರ್ಷ ಉಂಡು ಒಂದು ರೊಟ್ಟಿಯನ್ನೂ ತಟ್ಟದವನು ಆ ತರಗತಿಯಲ್ಲಿ ನಾನೊಬ್ಬನೇ ಇದ್ದಿರಬೇಕು.

ದೊನ್ಯಾ ಮೊದಲು ಒಂದು ಪಾತ್ರೆಯ ಮುಚ್ಚಳವನ್ನು ತೆರೆದರು. ಒಳಗೆ ಮಸುಕು ಹಳದಿಯ ನೀರಿನಲ್ಲಿ ಮೆಕ್ಕೆಜೋಳದ ಕಾಳುಗಳು ಮುಳುಗಿದ್ದವು. ಮೂಗಿಗೆ ಪರಿಚಿತವಾದ ಒಂದು ವಾಸನೆ ಬಂತು. ಹೊಸದಾಗಿ ಸುಣ್ಣ ಬಳಿದ ಗೋಡೆಯ ವಾಸನೆ! ಅದು ನಿಜವಾಗಿಯೂ ಸುಣ್ಣವೇ ಆಗಿತ್ತು. ಹಿಂದಿನ ಸಂಜೆ ಒಣಗಿದ ಕಾಳನ್ನು ನೀರಿಗೆ ಹಾಕಿ, ಕಾಳಿನ ನೂರನೆಯ ಒಂದು ಪಾಲಿನಷ್ಟು ಅರಳಿಸಿದ ಸುಣ್ಣವನ್ನು ಬೆರೆಸಿ, ಬಿಸಿಮಾಡಿ ಬೇಯಿಸಿ, ರಾತ್ರಿಯೆಲ್ಲ ಹಾಗೆಯೇ ನೆನೆಯಲು ಬಿಟ್ಟಿದ್ದರು. ಈಗ ಅವರು ಒಂದು ಹಿಡಿ ಕಾಳನ್ನು ಎತ್ತಿ ಅಂಗೈಯಲ್ಲಿ ಉಜ್ಜಿದರು. ಮೇಲಿನ ಗಡುಸಾದ ಸಿಪ್ಪೆ ಲೋಳೆಯಂತೆ ಜಾರಿಬಿತ್ತು. ಅನಂತರ ಆ ಕಾಳನ್ನು ನೀರಿನಲ್ಲಿ ಮೂರು ನಾಲ್ಕು ಸಲ ತೊಳೆದರು. ಹೀಗೆ ಹದಗೊಂಡ ಕಾಳಿಗೆ ‘ನಿಕ್ಸ್‌ತಮಾಲ್’ ಎಂದು ಹೆಸರು. ಮಧ್ಯ ಮೆಕ್ಸಿಕೋದ ನಾವಾತ್ಲ್ ಭಾಷೆಯಿಂದ ಬಂದ ಈ ಪದದಲ್ಲಿ ಬೂದಿ ಎಂಬ ಅರ್ಥದ ಮಾತೂ ಕಾಳಿನ ಹಿಟ್ಟು ಎಂಬ ಅರ್ಥದ ಮಾತೂ ಕೂಡಿವೆ.

ತೊಳೆದ ಕಾಳನ್ನು ಅರೆಯುವುದು ಮುಂದಿನ ಕೆಲಸ. ಇಳಿಜಾರಾದ ಮೂರು ಕಾಲಿನ ಕಲ್ಲಿನ ಮೇಲೆ ಕಾಳನ್ನು ಹರಡಿ, ಮೊಣಕಾಲೂರಿ ಕುಳಿತು, ಉದ್ದನೆಯ ಗುಂಡುಕಲ್ಲಿನಿಂದ ಹಿಂದಕ್ಕೂ ಮುಂದಕ್ಕೂ ಅರೆಯಬೇಕು. ಅವರು ಸ್ವಲ್ಪ ಕಾಳನ್ನು ಹಾಗೆ ಅರೆದು ತೋರಿಸಿದರು. ಉಳಿದುದನ್ನು ಕೈಯಿಂದ ತಿರುಗಿಸುವ ಕಬ್ಬಿಣದ ಯಂತ್ರದಲ್ಲಿ ಅರೆಸಿದರು. ನಾನು ಕಲ್ಲಿನ ಮುಂದೆ ಐದು ನಿಮಿಷ ಕುಳಿತು ಏಳುವಷ್ಟರಲ್ಲಿ ಸೊಂಟ ಮುರಿದಂತಾಯಿತು. ಇಡೀ ಮನೆಗೆ ಬೇಕಾದ ಹಿಟ್ಟನ್ನು ಹೀಗೆ ಅರೆಯುವುದಕ್ಕಾಗಿಯೇ ಹಿಂದಿನ ಹೆಂಗಸರು ದಿನಕ್ಕೆ ಎಷ್ಟೋ ಗಂಟೆಗಳನ್ನು ಸವೆಸುತ್ತಿದ್ದರೆಂಬುದನ್ನು ಆಗ ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ.

ಗೋಧಿಯಲ್ಲಿರುವ ಅಂಟು ಮೆಕ್ಕೆಜೋಳದಲ್ಲಿಲ್ಲ. ಅದರ ಒಣ ಹಿಟ್ಟಿಗೆ ತಣ್ಣೀರು ಹಾಕಿ ತಟ್ಟಲು ಹೋದರೆ ಅದು ಬಿರಿದು ಪುಡಿಯಾಗುತ್ತದೆ. ಸುಣ್ಣದ ನೀರಿನಲ್ಲಿ ಬೆಂದ ಕಾಳಿನ ಹಿಟ್ಟಾದರೋ ಬೆಣ್ಣೆಯಂತೆ ಕೂಡಿಬರುತ್ತದೆ. ದೊನ್ಯಾ ಬಾಳೆಯೆಲೆಯ ಚೂರೊಂದರ ಮೇಲೆ ನಿಂಬೆಗಾತ್ರದ ಉಂಡೆಯನ್ನಿಟ್ಟು, ಎಡಗೈಯಿಂದ ಎಲೆಯನ್ನು ತಿರುಗಿಸುತ್ತ ಬಲಗೈ ಬೆರಳುಗಳಿಂದ ಅದನ್ನು ತಟ್ಟಿದರು. ಹೆಂಚಿಗೆ ಬಿದ್ದ ಆ ತೆಳುವಾದ ‘ತೋರ್ತಿಯಾ’ ಎರಡು ಮಗ್ಗುಲು ಹೊರಳಿ ಪೂರಿಯಂತೆ ಉಬ್ಬಿತು.

“ಅಲ್ರೀ, ಇದು ನಮ್ಮ ರೊಟ್ಟೀನ ಅಲ್ಲೇನು?” ಎಂದು ನನ್ನ ಪತ್ನಿ ಉದ್ಗರಿಸಿದಳು.

ನನ್ನ ಸರದಿ ಬಂತು. ನಾನು ತಟ್ಟಿದ್ದು ರೊಟ್ಟಿಯ ಬದಲು ಒಂದು ಭೂಪಟವಾಯಿತು; ಅದರಲ್ಲಿ ಕೊಲ್ಲಿಗಳೂ ಇದ್ದವು, ಪರ್ಯಾಯದ್ವೀಪಗಳೂ ಇದ್ದವು. ಅನಂತರ ನನ್ನ ಪತ್ನಿ ಮುಂದೆ ಬಂದಳು. ಧಾರವಾಡದ ಸೀಮೆಯಲ್ಲಿ ಹುಟ್ಟಿ ಬೆಳೆದವಳು. ಹತ್ತು ವರ್ಷದವಳಾಗಿದ್ದಾಗಿನಿಂದ ಜೋಳದ ರೊಟ್ಟಿ ಬಡಿದ ಕೈ. ಅವಳು ಬಾಳೆಯೆಲೆಯನ್ನು ಪಕ್ಕಕ್ಕೆ ಸರಿಸಿ, ಮಣೆಯ ಮೇಲೆ ಒಣಹಿಟ್ಟು ಉದುರಿಸಿಕೊಂಡು, ಅಂಗೈಯಿಂದ ಪಟಪಟನೆ ಬಡಿಯತೊಡಗಿದಳು. ಉಂಡೆ ತಿರುಗುತ್ತ ತಿರುಗುತ್ತ ತಟ್ಟೆಯಗಲವಾಯಿತು. ಹಿತ್ತಲಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ನೋಡಿದರು. ದೊನ್ಯಾ ಆ ರೊಟ್ಟಿಯನ್ನು ಹೆಂಚಿಗೆ ಹಾಕಿ, ನನ್ನ ಪತ್ನಿಯ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ತಮ್ಮ ಕೈಯನ್ನು ಅದರ ಪಕ್ಕದಲ್ಲಿಟ್ಟರು. ಎರಡು ಕೈಗಳ ಮೇಲೂ ಹೆಂಚು ತಾಗಿ ಸುಟ್ಟ ಹಳೆಯ ಕಲೆಗಳಿದ್ದವು. ಇಬ್ಬರೂ ನಕ್ಕರು. ಅವರ ನಡುವೆ ದುಭಾಷಿಯ ಅಗತ್ಯವಿರಲಿಲ್ಲ.

ರೊಟ್ಟಿಯ ಜೊತೆಗೆ ಎರಡು ವ್ಯಂಜನಗಳಿದ್ದವು. ಒಂದು, ಬೇಯಿಸಿ ಮಸೆದ ಕಪ್ಪು ಕಾಳಿನ ಪಲ್ಯ. ನಮ್ಮ ಬೀನ್ಸ್ ಕಾಯಿ ಬಲಿತಾಗ ಸಿಗುವ ಕಾಳಿನದೇ ಜಾತಿ. ನಾವು ಸಸ್ಯಾಹಾರಿಗಳೆಂದು ತಿಳಿದು ಅದಕ್ಕೆ ಹಂದಿಯ ಕೊಬ್ಬಿನ ಬದಲು ಎಣ್ಣೆಯನ್ನು ಹಾಕಿದ್ದರು. ಇನ್ನೊಂದು, ‘ಸಿಕಿಲ್ ಪಾಕ್’ ಎಂಬ ಚಟ್ನಿ. ಮಾಯಾ ಭಾಷೆಯಲ್ಲಿ ಸಿಕಿಲ್ ಎಂದರೆ ಕುಂಬಳದ ಬೀಜ. ಪಾಕ್ ಎಂದರೆ ಟೊಮೇಟೊ. ನಮ್ಮ ‘ಪಾಕ’ಕ್ಕೂ ಅದಕ್ಕೂ ಸಂಬಂಧವಿಲ್ಲ, ರುಚಿಯಲ್ಲಿ ಮಾತ್ರ ಅದು ನಮ್ಮ ಹುಚ್ಚೆಳ್ಳಿನ ಚಟ್ನಿಯ ಹತ್ತಿರದ ನೆಂಟ. ಹುರಿದ ಬೀಜ, ಹೆಂಚಿನ ಮೇಲೆ ಸುಟ್ಟ ಟೊಮೇಟೊ, ಸುಟ್ಟ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಇಷ್ಟನ್ನು ಅರೆದರೆ ಮುಗಿಯಿತು.

ಇದರಲ್ಲಿ ಒಂದು ಸಾಲದ ಲೆಕ್ಕವೂ ಇದೆ. ಬ್ಯಾಡಗಿಯ ಮೆಣಸಿನಕಾಯಿಯನ್ನು ನಾವು ನಮ್ಮ ನೆಲದ ಹೆಮ್ಮೆಯೆಂದು ಹೇಳಿಕೊಳ್ಳುತ್ತೇವೆ. ಆದರೆ ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂದಿತು. ಕರಿಮೆಣಸನ್ನು ಬಲ್ಲ ನಮ್ಮ ಜನ ಈ ಹೊಸ ಕಾಯಿಗೆ ‘ಮೆಣಸಿನ ಕಾಯಿ’ ಎಂದು ಹೆಸರಿಟ್ಟು ಮನೆಗೆ ಸೇರಿಸಿಕೊಂಡರು. ಟೊಮೇಟೊ, ಶೇಂಗಾ, ಮೆಕ್ಕೆಜೋಳಗಳೂ ಆ ಖಂಡದಿಂದಲೇ ಬಂದವು. ಇಂದು ದಾವಣಗೆರೆ, ಹಾವೇರಿಗಳ ಹೊಲಗಳಲ್ಲಿ ಬೆಳೆದು ನಿಂತಿರುವ ಮೆಕ್ಕೆಜೋಳದ ಮೂಲಪುರುಷನನ್ನು ಸುಮಾರು 9000 ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೋದ ಕಣಿವೆಯ ಜನ ಒಂದು ಕಾಡುಹುಲ್ಲಿನಿಂದ ಪಳಗಿಸಿದರು.

ಊಟವಾದ ಮೇಲೆ ಉಪಾಧ್ಯಾಯನ ಹಳೆಯ ಚಟ ನನ್ನನ್ನು ಸುಮ್ಮನಿರಗೊಡಲಿಲ್ಲ. “ಕಾಳಿಗೆ ಸುಣ್ಣವನ್ನು ಏಕೆ ಹಾಕಬೇಕು? ಕಾಳನ್ನು ಹಾಗೆಯೇ ಗಿರಣಿಯಲ್ಲಿ ಬೀಸಿದರಾಗದೆ?” ಎಂದು ಕೇಳಿದೆ. ಮೊಮ್ಮಗ ಪ್ರಶ್ನೆಯನ್ನು ತಿಳಿಸಿದ. ದೊನ್ಯಾ ಒಂದು ಕ್ಷಣ ನನ್ನನ್ನೇ ನೋಡಿ, “ಹಾಗೆ ಮಾಡಿದರೆ ಅದು ಊಟವಾಗುವುದಿಲ್ಲ. ನಮ್ಮ ಅಜ್ಜಿ ಹೀಗೆಯೇ ಮಾಡುತ್ತಿದ್ದರು” ಎಂದರು. ಅಷ್ಟೇ ಉತ್ತರ.

ಆ ಉತ್ತರವನ್ನು ನಾನು ಹಿಂದೆಯೂ ಕೇಳಿದ್ದೆ. ನಾನು ಚಿಕ್ಕವನಾಗಿದ್ದಾಗ ಬಿಸಿ ರೊಟ್ಟಿಗೆ ಬೆಲ್ಲ ಸವರಿಕೊಂಡು ತಿಂದು ಓಡಿಹೋಗುವ ಆತುರದವನು. ಅವ್ವ ಬಿಡುತ್ತಿರಲಿಲ್ಲ. “ಬರೇ ರೊಟ್ಟಿ ತಿಂದ್ರ ಮೈಗೆ ಹತ್ತೂದಿಲ್ಲ. ಕಾಳುಪಲ್ಯ ಹಚ್ಚಿಕೋ, ಶೇಂಗಾ ಚಟ್ನಿ ಹಚ್ಚಿಕೋ” ಎನ್ನುತ್ತಿದ್ದಳು. “ಯಾಕ?” ಎಂದರೆ, “ಹಿಂದಿನವರು ಹಿಂಗ ತಿಂತಿದ್ರು” ಎಂಬುದೇ ಅವಳ ಸಮಾಧಾನ. ಹೈಸ್ಕೂಲು ಮೆಟ್ಟಿಲು ಹತ್ತಿದ ಮೇಲೆ ಒಂದು ದಿನ ನಾನು ಸಿಟ್ಟಿನಿಂದ, “ನಿನಗೇನು ಗೊತ್ತು? ನೀನೇನು ಓದೀಯೇನು?” ಎಂದುಬಿಟ್ಟೆ. ಅವ್ವ ಏನೂ ಹೇಳಲಿಲ್ಲ. ನನ್ನ ತಟ್ಟೆಗೆ ಪಲ್ಯ ಬಡಿಸಿ ಒಲೆಯ ಕಡೆಗೆ ತಿರುಗಿದಳು. ಐವತ್ತು ವರ್ಷಗಳ ಅನಂತರ, ಯಾವುದೋ ದ್ವೀಪದ ಹಿತ್ತಲಿನಲ್ಲಿ ಅವಳ ಬೆನ್ನು ನನ್ನ ಕಣ್ಣ ಮುಂದೆ ಬಂದು ನಿಂತಿತು.

ಸಂಜೆ ಹಡಗು ದಡವನ್ನು ಬಿಟ್ಟಿತು. ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹ್ಯೂಸ್ಟನ್ನಿಗೆ ಮರಳಿದ ಮೇಲೆ ಅಲ್ಲಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ನಾಲ್ಕಾರು ದಿನ ಕುಳಿತು ಓದಿದೆ. ದೇಶ ಸುತ್ತಿದಾಗ ದೊರೆತ ಪ್ರಶ್ನೆಗೆ ಕೋಶದಲ್ಲಿ ಉತ್ತರ ಸಿಕ್ಕಿತು. ಅದು ಸಂತೋಷದ ಕಥೆಯಲ್ಲ.

1492ರಲ್ಲಿ ಕೊಲಂಬಸ್ ಅಮೆರಿಕವನ್ನು ಮುಟ್ಟಿದ ಮೇಲೆ ಮೆಕ್ಕೆಜೋಳ ಯುರೋಪಿಗೆ ಹೋಯಿತು. ಅದು ಒಳ್ಳೆಯ ಇಳುವರಿಯ ಬೆಳೆ. ಬಡವರ ಹೊಟ್ಟೆ ತುಂಬಿಸುವ ಬೆಳೆ. ಉತ್ತರ ಇಟಲಿಯ, ಸ್ಪೇನಿನ ಬಡ ರೈತರು ಕ್ರಮೇಣ ಅದನ್ನೇ ಮೂರು ಹೊತ್ತೂ ತಿನ್ನತೊಡಗಿದರು. ಆದರೆ ಕಾಳನ್ನು ಕೊಂಡೊಯ್ದವರು ಸುಣ್ಣದ ನೀರಿನ ವಿಧಾನವನ್ನು ಕೊಂಡೊಯ್ಯಲಿಲ್ಲ. ಅವರಲ್ಲಿ ಒಣಕಾಳನ್ನು ನುಣ್ಣಗೆ ಬೀಸುವ ಗಿರಣಿಗಳಿದ್ದವು. ಮೂಲನಿವಾಸಿ ಹೆಂಗಸರ ಈ ರಾತ್ರಿಯಿಡೀ ನೆನೆಸುವ ಪದ್ಧತಿಯ ಅಗತ್ಯ ಅವರಿಗೆ ಕಾಣಲಿಲ್ಲ.

1735ರಲ್ಲಿ ಸ್ಪೇನಿನ ಗಾಸ್ಪಾರ್ ಕಾಸಾಲ್ ಎಂಬ ವೈದ್ಯ ಹೊಸದೊಂದು ರೋಗವನ್ನು ಗುರುತಿಸಿದ. ಮೊದಲು ಬಿಸಿಲು ತಾಗುವ ಕಡೆ ಚರ್ಮ ಕೆಂಪಾಗಿ ಸುಲಿಯುತ್ತದೆ. ಅನಂತರ ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. 1771ರಲ್ಲಿ ಇಟಲಿಯ ಫ್ರಪೊಲ್ಲಿ ಎಂಬ ವೈದ್ಯ ತನ್ನ ಬರಹದಲ್ಲಿ ಈ ರೋಗವನ್ನು ‘ಪೆಲಾಗ್ರ’ ಎಂದು ಕರೆದ. ಒರಟು ಚರ್ಮ ಎಂದು ಆ ಪದದ ಅರ್ಥ. ಎಲ್ಲೆಲ್ಲಿ ಬಡವರು ಮೆಕ್ಕೆಜೋಳವನ್ನೇ ನೆಚ್ಚಿಕೊಂಡಿದ್ದರೋ ಅಲ್ಲೆಲ್ಲ ಅದು ಹಬ್ಬಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯ ಸೀಮೆಗೂ ಕಾಲಿಟ್ಟಿತು. 1906ರಿಂದ 1940ರ ವರೆಗೆ ಅಲ್ಲಿ ಸುಮಾರು 30 ಲಕ್ಷ ಜನ ಈ ರೋಗಕ್ಕೆ ತುತ್ತಾದರೆಂದೂ, ಅವರಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರೆಂದೂ ಅಂದಾಜು ಮಾಡಿದ್ದಾರೆ. ಅದೇ ಕಾಲದಲ್ಲಿ, ಅದೇ ಕಾಳನ್ನು ದಿನವೂ ತಿನ್ನುತ್ತಿದ್ದ ಮೆಕ್ಸಿಕೋದ ಹಳ್ಳಿಗಳಲ್ಲಿ ಈ ರೋಗ ಬಹು ವಿರಳವಾಗಿತ್ತು.

ಇದು ಸೋಂಕುರೋಗವೆಂದು ಹಲವು ವೈದ್ಯರು ನಂಬಿದ್ದರು. 1914ರಲ್ಲಿ ಅಮೆರಿಕದ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ತನಿಖೆಗೆ ನೇಮಿಸಿತು. ಆತ ಅನಾಥಾಲಯಗಳನ್ನೂ ಮಾನಸಿಕ ಚಿಕಿತ್ಸಾಲಯಗಳನ್ನೂ ಸುತ್ತಿದ. ಒಳಗಿದ್ದವರಿಗೆ ರೋಗ ಬರುತ್ತಿತ್ತು. ಅವರೊಡನೆಯೇ ಓಡಾಡುವ ದಾದಿಯರಿಗೆ ಬರುತ್ತಿರಲಿಲ್ಲ. ಸೋಂಕಾದರೆ ಹೀಗೆ ಮುಖ ನೋಡಿ ಮಣೆ ಹಾಕುವುದುಂಟೆ? ವ್ಯತ್ಯಾಸವಿದ್ದುದು ಊಟದಲ್ಲಿ ಎಂದು ಅವನು ಊಹಿಸಿದ. ಎರಡು ಅನಾಥಾಲಯಗಳ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಕೊಡಿಸಿದ, ರೋಗ ಮಾಯವಾಯಿತು. 1915ರಲ್ಲಿ ಬಿಡುಗಡೆಯ ಭರವಸೆ ಪಡೆದು ತಾವಾಗಿ ಒಪ್ಪಿದ ಕೈದಿಗಳಿಗೆ ಬಡವರ ಊಟವನ್ನೇ ಕೊಡಿಸಿದಾಗ, ಪ್ರಯೋಗವನ್ನು ಮುಗಿಸಿದ 11 ಮಂದಿಯಲ್ಲಿ 6 ಮಂದಿಗೆ ರೋಗಲಕ್ಷಣಗಳು ಕಾಣಿಸಿಕೊಂಡವು. ಆದರೂ ಹಲವರು ನಂಬಲಿಲ್ಲ. 1916ರಲ್ಲಿ ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನು ತನ್ನ ಮೈಗೇ ಚುಚ್ಚಿಸಿಕೊಂಡ. ಅವನ ಪತ್ನಿ ಮೇರಿಯೂ ಧೈರ್ಯದಿಂದ ಹಾಗೆಯೇ ಚುಚ್ಚಿಸಿಕೊಂಡಳು. ಇಬ್ಬರಿಗೂ ರೋಗ ಬರಲಿಲ್ಲ. ಊಟದಲ್ಲಿ ಕಡಮೆಯಾಗಿದ್ದ ಆ ಅಂಶ ಯಾವುದೆಂದು ತಿಳಿಯುವ ಮೊದಲೇ, 1929ರಲ್ಲಿ ಅವನು ತೀರಿಕೊಂಡ. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಎಂಬ ವಿಜ್ಞಾನಿ ಅದನ್ನು ಕಂಡುಹಿಡಿದ. ಅದೇ ಬಿ ಗುಂಪಿನ ‘ನಯಾಸಿನ್’ ಎಂಬ ಜೀವಸತ್ವ.

ಸುಣ್ಣದ ಗುಟ್ಟು ಇಲ್ಲಿದೆ. ಮೆಕ್ಕೆಜೋಳದಲ್ಲಿ ನಯಾಸಿನ್ ಇಲ್ಲವೆಂದಲ್ಲ. ಇದೆ; ಆದರೆ ಬೀಗ ಹಾಕಿದ ಪೆಟ್ಟಿಗೆಯೊಳಗಿನ ಹಣದಂತೆ ಇದೆ. ಅದರ ಹೆಚ್ಚಿನ ಪಾಲು ಕಾಳಿನ ಬೇರೆ ಅಂಶಗಳೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ನಮ್ಮ ಶರೀರಕ್ಕೆ ದಕ್ಕುವುದಿಲ್ಲ. ಸುಣ್ಣದ ನೀರಿನಲ್ಲಿ ಬೆಂದಾಗ ಆ ಬೆಸುಗೆ ಬಿಡುತ್ತದೆ, ಬೀಗ ತೆರೆಯುತ್ತದೆ. ಜೊತೆಗೆ ಹಿಟ್ಟಿಗೆ ಕ್ಯಾಲ್ಸಿಯಂ ಸೇರುತ್ತದೆ. ಇನ್ನೊಂದು ಸಂಗತಿಯೂ ಇದೆ. ನಮ್ಮ ಶರೀರ ಟ್ರಿಪ್ಟೊಫಾನ್ ಎಂಬ ಪ್ರೋಟೀನಿನ ಅಂಶದಿಂದ ನಯಾಸಿನ್ನನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಮೆಕ್ಕೆಜೋಳದಲ್ಲಿ ಅದು ಕಡಮೆ; ಕಾಳಿನಲ್ಲಿ ಅದಕ್ಕಿಂತ ಹೆಚ್ಚು. ದೊನ್ಯಾ ರೊಟ್ಟಿಯ ಜೊತೆಗೆ ಕಾಳಿನ ಪಲ್ಯವನ್ನು ಬಡಿಸಿದ್ದರ ಅರ್ಥ ನನಗೆ ಆಗ ಹೊಳೆಯಿತು.

ಓದುತ್ತ ಹೋದಂತೆ ಈ ಕಥೆ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತು. 1960ರಲ್ಲಿ ಹೈದರಾಬಾದಿನ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ಮುಖ್ಯ ಆಹಾರವಾಗಿ ಉಣ್ಣುವ ಬಡವರಲ್ಲಿಯೂ ಪೆಲಾಗ್ರ ಇರುವುದನ್ನು ವರದಿ ಮಾಡಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಮಿತಿಮೀರಿರುವುದು ಇದಕ್ಕೆ ಕಾರಣವಿರಬಹುದೆಂದು ಅವರು ಪ್ರತಿಪಾದಿಸಿದರು. ಬರಿಯ ಜೋಳವನ್ನೇ ನೆಚ್ಚಿ ಬದುಕಬೇಕಾದವರಿಗೆ ಒದಗುವ ಕಷ್ಟ ಇದು. ಬೇಳೆ, ಕಾಳು, ಹಾಲು, ಸೊಪ್ಪು ಜೊತೆಗೂಡಿದರೆ ಆ ಭಯವಿಲ್ಲ. ಸಸ್ಯಾಹಾರದಲ್ಲಿ ನಯಾಸಿನ್ ಸಮೃದ್ಧವಾಗಿರುವ ಪದಾರ್ಥಗಳಲ್ಲಿ ಶೇಂಗಾ ಮುಖ್ಯವಾದುದು.

ಶೇಂಗಾ ಚಟ್ನಿ! ಪುಸ್ತಕವನ್ನು ಮುಚ್ಚಿ ನಾನು ಬಹಳ ಹೊತ್ತು ಕಿಟಕಿಯ ಕಡೆಗೆ ನೋಡುತ್ತ ಕುಳಿತೆ. “ಬರೇ ರೊಟ್ಟಿ ಮೈಗೆ ಹತ್ತೂದಿಲ್ಲ” ಎಂದ ಅವ್ವನ ಮಾತು ಅಕ್ಷರಶಃ ಸತ್ಯವಾಗಿತ್ತು. ‘ಏಕೆ’ ಎಂಬುದು ಅವಳಿಗೆ ತಿಳಿದಿರಲಿಲ್ಲ. ಆದರೆ ‘ಹೇಗೆ’ ಎಂಬುದು ತಿಳಿದಿತ್ತು. ಅದನ್ನು ಅವಳು ದಿನವೂ ನನ್ನ ತಟ್ಟೆಗೆ ಬಡಿಸಿದ್ದಳು.

ಹಳೆಯದೆಲ್ಲವೂ ಸರಿಯೆಂದು ನಾನು ಹೇಳುತ್ತಿಲ್ಲ. ಹಳೆಯ ರೂಢಿಗಳಲ್ಲಿ ಹೊಟ್ಟೂ ಇದೆ, ಕಾಳೂ ಇದೆ. ಮೊದಲು ಸುಣ್ಣವನ್ನು ಹಾಕಿದ ಹೆಂಗಸರು ರೋಗವನ್ನು ತಡೆಯಲೆಂದೇ ಹಾಗೆ ಮಾಡಿದರೆಂದು ಹೇಳಲಾಗುವುದಿಲ್ಲ. ಸಿಪ್ಪೆ ಬೇಗ ಬಿಡುತ್ತದೆ, ಹಿಟ್ಟು ಕೂಡಿಬರುತ್ತದೆ, ಉಂಡವರು ಗಟ್ಟಿಯಾಗಿರುತ್ತಾರೆ ಎಂಬುದನ್ನು ಅವರು ಕಂಡಿರಬೇಕು. ಕಂಡದ್ದನ್ನು ಮಗಳಿಗೆ ಕಲಿಸಿರಬೇಕು. ಹಾಗೆ ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಪದ್ಧತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗಿಬಂದಿದೆ. 2010ರಲ್ಲಿ ಯುನೆಸ್ಕೊ ಸಂಸ್ಥೆ ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗೌರವ ಸಲ್ಲಬೇಕಾದುದು ಮೊಣಕಾಲೂರಿ ಕಾಳು ಅರೆದ ಆ ಹೆಸರಿಲ್ಲದ ಕೈಗಳಿಗೆ.

ಯುರೋಪಿನವರು ಮಾಡಿದ ತಪ್ಪು ಯಾವುದು? ಅವರು ಕಾಳನ್ನು ಸಂಪತ್ತೆಂದು ಬಗೆದು ಹಡಗಿಗೆ ಏರಿಸಿದರು. ಅದನ್ನು ಅಡುಗೆ ಮಾಡುವ ಕೈಗಳಲ್ಲಿದ್ದ ಅರಿವನ್ನು ದಡದಲ್ಲಿಯೇ ಬಿಟ್ಟುಹೋದರು. ಕೇಳಬೇಕಾದವರನ್ನು ಕೇಳದೆ ಹೋದುದರ ಬೆಲೆಯನ್ನು ತೆತ್ತವರು ಯಾವ ತಪ್ಪನ್ನೂ ಮಾಡದ ಬಡ ರೈತರು, ಅನಾಥ ಮಕ್ಕಳು.

ಗೋಲ್ಡ್‌ಬರ್ಗರ್ ಪ್ರಶ್ನೆ ಕೇಳಿದ, ಪರೀಕ್ಷಿಸಿ ನೋಡಿದ. ನಾನು ಹುಡುಗನಾಗಿದ್ದಾಗ ಪ್ರಶ್ನೆಯನ್ನೇನೋ ಕೇಳಿದೆ. ಆದರೆ ಉತ್ತರ ಬಾರದಿದ್ದಾಗ ಹುಡುಕುವ ಬದಲು ಹೀಯಾಳಿಸಿದೆ. ಕೇಳುವುದಕ್ಕೂ ಹೀಯಾಳಿಸುವುದಕ್ಕೂ ಇರುವ ಅಂತರವೇ ವಿದ್ಯೆಗೂ ಅಹಂಕಾರಕ್ಕೂ ಇರುವ ಅಂತರ.

ನಿಮ್ಮ ಮನೆಗಳಲ್ಲಿಯೂ ಇಂತಹ ರೂಢಿಗಳಿವೆ. ದೋಸೆಯ ಹಿಟ್ಟನ್ನು ರಾತ್ರಿಯೆಲ್ಲ ಹುಳಿಬರಿಸುತ್ತಾರೆ. ಹೆಸರುಕಾಳನ್ನು ಮೊಳಕೆ ಕಟ್ಟುತ್ತಾರೆ. ಸೊಪ್ಪಿನ ಪಲ್ಯಕ್ಕೆ ನಿಂಬೆಯ ಹುಳಿ ಹಿಂಡುತ್ತಾರೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಕುರಿತು ಮನೆಯಲ್ಲಿ “ಏಕೆ?” ಎಂದು ಕೇಳಿರಿ. “ಹಿಂದಿನವರು ಹೀಗೆ ಮಾಡುತ್ತಿದ್ದರು” ಎಂಬ ಉತ್ತರ ಬಂದರೆ ನಗಬೇಡಿ. ಹೇಗೆಂಬುದನ್ನು ಅವರು ಕಾಪಾಡಿಕೊಂಡು ಬಂದಿದ್ದಾರೆ. ಏಕೆಂಬುದನ್ನು ಹುಡುಕುವ ಕೆಲಸವನ್ನು ನಿಮಗೆ ಬಿಟ್ಟಿದ್ದಾರೆ. ಉತ್ತರ ದೊರೆತಾಗ ಅದನ್ನು ಅವರ ಬಳಿಗೆ ಒಯ್ದು ಹೇಳಿರಿ.

ನನಗೆ ಉತ್ತರ ದೊರೆಯುವ ವೇಳೆಗೆ ಅವ್ವ ಇರಲಿಲ್ಲ. ಊರಿಗೆ ಮರಳಿದ ಮೊದಲ ದಿನ ನನ್ನ ಪತ್ನಿ ರೊಟ್ಟಿ ಬಡಿಯಲು ಕುಳಿತಾಗ ನಾನೂ ಒಂದು ಮಣೆ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ. ನನ್ನ ರೊಟ್ಟಿ ಈಗಲೂ ಭೂಪಟವೇ. ಆದರೆ ಅದಕ್ಕೆ ಕಾಳುಪಲ್ಯವನ್ನೂ ಶೇಂಗಾ ಚಟ್ನಿಯನ್ನೂ ನಾನು ಮರೆಯದೆ ಹಚ್ಚಿಕೊಳ್ಳುತ್ತೇನೆ.